ಉದುರಿದ ಕಾಳು ನೋಡಿ ಚೀಲ ಕೊಂಡವರು

ಏಪ್ರಿಲ್ 16, ಬುಧವಾರ

ಮನೆಯಲ್ಲಿ ಯಾರೂ ನನ್ನ ಜೊತೆ ಮಾತಾಡುತ್ತಿಲ್ಲ, ಅವ್ವನೊಬ್ಬಳನ್ನು ಬಿಟ್ಟು. ಅವ್ವನಿಗೆ ನಾನು ಘಾತ ಮಾಡಿದೆ ಎಂದೇ ಉಳಿದವರು ಮುನಿಸಿಕೊಂಡಿರುವುದು.

ಆದದ್ದು ಇಷ್ಟು. ಹುಬ್ಬಳ್ಳಿಯ ಆಸ್ಪತ್ರೆಯಿಂದ ಗಂಗಾವತಿಗೆ ಬರುವಾಗ ಗದಗ ಬಸ್‌ಸ್ಟ್ಯಾಂಡಿನಲ್ಲಿ ಅವ್ವ ಕೇಳಿದಳು: "ಖರೇ ಹೇಳ್ರಿ, ನಂಗ ಏನ ಆಗೇತಿ?" ಅಪ್ಪ, "ಎದಿಯಾಗ ಕಫ ಗಟ್ಟಿ ಆಗೇತಿ" ಎಂದ. ಜಾವೇದಣ್ಣ, "ಟಿಬಿ ಇದ್ದಂಗ ಬೇ, ಆದ್ರ ಟಿಬಿ ಅಲ್ಲ" ಎಂದ. ಆಮೇಲೆ ಇಬ್ಬರೂ ಬಸ್ಸಿನ ಬೋರ್ಡು ಓದತೊಡಗಿದರು. ಅಪ್ಪನಿಗೆ ಓದಲಿಕ್ಕೇ ಬರುವುದಿಲ್ಲ. ಅವ್ವ ನನ್ನ ಮುಖ ನೋಡಿದಳು. "ಪುಪ್ಪಸದಾಗ ಕ್ಯಾನ್ಸರ್ ಆಗೇತಿ ಬೇ" ಎಂದೆ.

ಅವ್ವ ಸೆರಗಿನಿಂದ ಬಾಯಿ ಒರೆಸಿಕೊಂಡು "ಹೂಂ" ಎಂದಳು. ಆಮೇಲೆ, "ಬಾಳಿಹಣ್ಣು ತಗೊಂಡ ಬಾ, ಹಸಿವಿ ಆಗೇತಿ" ಎಂದಳು. ಅಷ್ಟೇ.

ಜಾವೇದಣ್ಣ ಮಾತ್ರ ಕೊಪ್ಪಳ ದಾಟುವವರೆಗೂ ಬೈದ. "ಸಾಲಿ ಬಿಟ್ಟಾಕಿ ನೀನು. ನಾಲಿಗಿಗೆ ಲಗಾಮ ಇಲ್ಲ. ಮೊದಲ ಕಾಲೇಜು ಕಳಕೊಂಡಿ, ಆಮ್ಯಾಲ ಸೀರಿ ಅಂಗಡಿ ಕಳಕೊಂಡಿ, ಈಗ ಅವ್ವನ್ನ ಕಳೀತಿ."

ಕಾಲೇಜು ಹೋದದ್ದು ಹೀಗೆ. ಪಿಯುಸಿ ಪರೀಕ್ಷೆಯಲ್ಲಿ ಸರ್ ಒಬ್ಬರು ತಾವೇ ನಿಂತು ಉತ್ತರ ಹೇಳಿಕೊಡುತ್ತಿದ್ದರು. ಸ್ಕ್ವಾಡಿನವರು ಬಂದು, ಇಲ್ಲಿ ಏನಾದರೂ ನಡೆದಿದೆಯೇ ಎಂದು ಕೇಳಿದರು. ಕೇಳಿದರಲ್ಲ, ಹೇಳಿದೆ. ಆಮೇಲೆ ಆ ಕಾಲೇಜಿನೊಳಗೆ ಕಾಲಿಡುವ ಹಾಗಿರಲಿಲ್ಲ. ಸೀರೆ ಅಂಗಡಿಯದೂ ಅದೇ ಕಥೆ. "ಬಣ್ಣ ಬಿಡತೈತೇನ ತಂಗಿ?" ಎಂದು ಗಿರಾಕಿ ಕೇಳಿದಳು, "ಬಿಡತೈತ್ರಿ" ಎಂದೆ. ನನ್ನ ನಿಯಮ ಒಂದೇ. ಕೇಳಿದರೆ ಹೇಳುತ್ತೇನೆ. ಬೇಡವಾದರೆ ಕೇಳಬಾರದು.

ಮುಂದಿನ ತಿಂಗಳು ಶ್ರೀರಾಮನಗರದ ಮೊಬೈಲ್ ಅಂಗಡಿಗೆ ಸೇರುತ್ತೇನೆ. ಅಲ್ಲೇ ಒಂದು ಕೋಣೆ ಹಿಡಿಯುತ್ತೇನೆ. ಈ ಮನೆಯ ಸಹವಾಸ ಸಾಕು.

ಏಪ್ರಿಲ್ 18, ಶುಕ್ರವಾರ

ಡಾಕ್ಟರಮ್ಮ ಹೇಳಿದ್ದನ್ನು ಮರೆಯುವ ಮೊದಲು ಬರೆದಿಡಬೇಕು. ಯಾಕೆಂದರೆ ಕೇಳಿಸಿಕೊಂಡವಳು ನಾನೊಬ್ಬಳೇ. ಆಗ ಅಪ್ಪ ನಮಾಜಿಗೆ ಹೋಗಿದ್ದ, ಅಣ್ಣ ಕಾರಿಡಾರಿನಲ್ಲಿ ಫೋನ್ ಹಿಡಿದಿದ್ದ, ಅವ್ವ ಬೆಂಚಿನ ಮೇಲೆ ಕಣ್ಣು ಮುಚ್ಚಿದ್ದಳು.

ಡಾಕ್ಟರ್ ಮಲ್ಲೇಶ್ವರಿ ಯಲಬುರ್ಗಾ ಕಡೆಯವರು. ನಮ್ಮ ಮಾತೇ ಆಡುತ್ತಾರೆ. ಮಾರ್ಚಿನಲ್ಲಿ ಅವ್ವನ ಬೆನ್ನಿನಿಂದ ಸೂಜಿ ಹಾಕಿ ಗಡ್ಡೆಯ ಚೂರು ತೆಗೆದಿದ್ದರು. ಆಗ ಪುಪ್ಪಸದಿಂದ ಗಾಳಿ ಸೋರಿ, ಪಕ್ಕೆಲುಬಿನ ನಡುವೆ ನಳಿಗೆ ಹಾಕಿ ಮಲಗಿಸಬೇಕಾಯಿತು. ಅಷ್ಟು ಮಾಡಿ ಸಿಕ್ಕ ಚೂರು ಎಷ್ಟು ಚಿಕ್ಕದೆಂದರೆ, ಅದು ಕ್ಯಾನ್ಸರ್ ಹೌದು ಎಂದು ತಿಳಿಯುವಷ್ಟರಲ್ಲಿ ಮುಗಿದೇ ಹೋಯಿತು. ಯಾವ ಜಾತಿಯ ಕ್ಯಾನ್ಸರ್ ಎಂದು ನೋಡಲು ಏನೂ ಉಳಿಯಲಿಲ್ಲ.

ಅವ್ವ ಬೀಡಿ ಮುಟ್ಟಿದವಳಲ್ಲ. ಮದುವೆಯಾಗಿ ಬಂದ ದಿನದಿಂದ ನಮ್ಮ ಮಂಡಾಳ ಭಟ್ಟಿಯ ಮುಂದೆ ಕೂತು, ಬಿಸಿ ಮರಳಿನಲ್ಲಿ ಅಕ್ಕಿ ಹುರಿದು ಮಂಡಕ್ಕಿ ಮಾಡುತ್ತ ಭತ್ತದ ಹೊಟ್ಟಿನ ಹೊಗೆ ಕುಡಿದವಳು. ಹೊಗೆ ಸೇದದ ಹೆಂಗಸರ ಇಂಥ ಗಡ್ಡೆಯಲ್ಲಿ ಎಷ್ಟೋ ಸಲ ಒಂದು ಗುರುತು ಇರುತ್ತದಂತೆ. ಅದಕ್ಕೆ ಇಂಗ್ಲಿಷಿನ ನಾಲ್ಕು ಅಕ್ಷರದ ಹೆಸರು, ಇ.ಜಿ.ಎಫ್.ಆರ್. ಆ ಗುರುತು ಇದ್ದರೆ ದಿನಕ್ಕೊಂದು ಗುಳಿಗೆ ಸಾಕು. ಇಲ್ಲದಿದ್ದರೆ ನರಕ್ಕೆ ಹಾಕುವ ಕಿಮೋ. ಅದನ್ನು ರಕ್ತದಲ್ಲಿ ಹುಡುಕೋಣ ಎಂದರು.

"ಗಡ್ಡಿ ಸುಮ್ನ ಕುಂದ್ರಂಗಿಲ್ಲ ತಂಗಿ. ಅದರ ಚೂರು ರಕ್ತದಾಗ ಉದುರತಿರತಾವ. ಆ ಚೂರಿನಾಗ ಗುರುತು ಸಿಕ್ಕರ ಸೂಜಿ ಬೇಕಾಗಂಗಿಲ್ಲ, ಸೀದಾ ಗುಳಿಗಿ. ಆದ್ರ ಕೆಲವು ಗಡ್ಡಿ ಜಿಪುಣ ಇರತಾವ, ಏನೂ ಉದುರಸಂಗಿಲ್ಲ. ಅದಕ್ಕ ನೆನಪಿಡು, ಸಿಗಲಿಲ್ಲ ಅಂದ್ರ ಇಲ್ಲ ಅಂತಲ್ಲ. ಹಂಗಾದರ ಮತ್ತ ಸೂಜಿ ಹಾಕೇ ನೋಡಬೇಕು."

ರಕ್ತ ತೆಗೆಯುವಾಗ ಅವ್ವ ಹೇಳಿದಳು, "ರಕ್ತ ಬೇಕಾದಷ್ಟು ತಗೋರಿ. ಆ ಸೂಜಿ ಮಾತ್ರ ಮತ್ತ ತೋರಿಸಬ್ಯಾಡ್ರಿ."

ಏಪ್ರಿಲ್ 24, ಗುರುವಾರ

ಕುಷ್ಟಗಿಯಿಂದ ವಾಹೀದ ಮಾಮಾ ಬಂದ. ಅವ್ವನ ತಮ್ಮ. ದಾಳಿಂಬೆ ವ್ಯಾಪಾರಿ, ಆದ್ದರಿಂದ ಲೋಕದ ರೋಗಕ್ಕೆಲ್ಲ ದಾಳಿಂಬೆಯೇ ಮದ್ದು. ಎರಡು ಬಾಕ್ಸು ಇಳಿಸಿ, "ಅಕ್ಕಾ, ದಿನಾ ಎರಡು ತಿನ್ನು. ರಕ್ತ ತೊಳದ ಇಟ್ಟಂಗ ಆಗತೈತಿ" ಎಂದ.

"ರೋಗ ಪುಪ್ಪಸದಾಗ ಐತಿ ಮಾಮಾ, ರಕ್ತದಾಗ ಅಲ್ಲ" ಎಂದೆ.

"ಹಂಗಾರ ಡಾಕ್ಟರ್ ರಕ್ತ ಯಾಕ ತಗೊಂಡಾರ, ಕುಡಿಯಾಕೇನು?" ಎಂದ. ಎಲ್ಲರೂ ನಕ್ಕರು. ಅವ್ವನೂ ನಕ್ಕಳು, ನಕ್ಕು ಕೆಮ್ಮಿದಳು. ಕೆಮ್ಮು ನಿಲ್ಲುವವರೆಗೆ ಮಾಮಾ ಗೋಡೆ ನೋಡುತ್ತ ಕೂತ.

ಅವ್ವ ಭಟ್ಟಿಗೆ ಹೋಗಬಾರದು ಎಂದು ಡಾಕ್ಟರಮ್ಮ ಹೇಳಿದ್ದಾರೆ. ಹಾಗಾಗಿ ನಾನು ಹೋಗುತ್ತಿದ್ದೇನೆ. ಪಕ್ಕದ ಮನೆಯ ಪಾರಮ್ಮ ಹುರಿಯುತ್ತಾಳೆ, ನಾನು ಜರಡಿ ಹಿಡಿಯುತ್ತೇನೆ. ಅವ್ವ ದೂರದ ಬೇವಿನ ಮರದ ಕೆಳಗೆ ಹೊರಸು ಹಾಕಿಸಿಕೊಂಡು ಅಲ್ಲಿಂದಲೇ ಬೈಯುತ್ತಾಳೆ. ಮೊಬೈಲ್ ಅಂಗಡಿಯವರು ಫೋನ್ ಮಾಡಿದ್ದರು. ಹದಿನೈದು ದಿನ ಬಿಟ್ಟು ಬರುತ್ತೇನೆ ಎಂದೆ.

ಮೇ 2, ಶುಕ್ರವಾರ

ಈ ಮನೆಯವರ ಜೊತೆ ಬದುಕುವುದಕ್ಕಿಂತ ಹೊಟ್ಟಿನ ರಾಶಿಯಲ್ಲಿ ತಲೆ ಹೂತುಕೊಂಡು ಕೂರುವುದು ಮೇಲು.

ಸಂಜೆ ಜಾವೇದಣ್ಣನ ಮೊಬೈಲಿಗೆ ರಿಪೋರ್ಟ್ ಬಂತು. ಅಂಗಳದಲ್ಲಿ ನಿಂತು ಜೋರಾಗಿ ಓದಿದ. "ನಾಟ್ ಡಿಟೆಕ್ಟೆಡ್! ಇಲ್ಲ! ಏನೂ ಸಿಕ್ಕಿಲ್ಲ! ಅಪ್ಪಾ, ಅವ್ವನ ರಕ್ತ ಕ್ಲೀನ್ ಐತಿ!"

ಅಪ್ಪ ಅಲ್ಲೇ ಮಣ್ಣಿಗೆ ಹಣೆ ಹಚ್ಚಿ ಸಜ್ದಾಕ್ಕೆ ಬಿದ್ದ. ಪಾರಮ್ಮ ಓಡಿ ಬಂದು ಅವ್ವನ ದೃಷ್ಟಿ ತೆಗೆದಳು. ಅಣ್ಣ ಮಾಮಾನಿಗೆ ಫೋನ್ ಹಚ್ಚಿದ. ಆ ಕಡೆಯಿಂದ ಅಳು, ಅಳು ಮುಗಿದ ಮೇಲೆ, "ನಾ ಹೇಳಿಲ್ಲೇನು? ದಾಳಿಂಬರಿ!"

ನಾನು ಹೇಳಿದೆ. "ಗುರುತು ಸಿಕ್ಕಿಲ್ಲ ಅಂತ ಬರದೈತಿ. ಕ್ಯಾನ್ಸರ್ ಇಲ್ಲ ಅಂತ ಎಲ್ಲಿ ಬರದೈತಿ ತೋರಸು."

"ಬಿಕಾಂ ಓದಿದವ ನಾನು. ಪಿಯುಸಿ ಫೇಲಾದಾಕಿ ನೀನು."

"ಫೇಲ್ ಆಗಿಲ್ಲ. ಬಿಟ್ಟೀನಿ."

"ಛಲೋ ಸುದ್ದಿ ಬಂದಾಗರ ಬಾಯಿ ಮುಚ್ಚಿಕೊಂಡ ಇರ ತಂಗಿ" ಎಂದಳು ಪಾರಮ್ಮ. "ನಿನ್ನ ಬಾಯಾಗ ಬೇವಿನಕಾಯಿ ಇಟ್ಟಾನ ದೇವರು."

ಡಾಕ್ಟರಮ್ಮನಿಗೆ ಫೋನ್ ಮಾಡಿದರೆ, ರಜೆಯಲ್ಲಿದ್ದಾರೆ, ಮುಂದಿನ ವಾರ ಬರುತ್ತಾರೆ ಎಂದರು.

ಅವ್ವ ಊಟಕ್ಕೆ ಕೂತಾಗ ಎರಡನೇ ರೊಟ್ಟಿ ಹಾಕಿಸಿಕೊಂಡಳು. ಎಷ್ಟು ದಿನವಾಗಿತ್ತು ಅವಳು ಎರಡನೇ ರೊಟ್ಟಿ ಕೇಳಿ. ನಾನು ಮುರಿದು ಬಡಿಸಿದೆ. ಬಡಿಸುವಾಗ ನನ್ನ ಮೇಲೆ ನನಗೇ ಸಿಟ್ಟು ಬಂತು.

ಮೇ 3, ಶನಿವಾರ

ಸಿಗಲಿಲ್ಲ ಅಂದರೆ ಇಲ್ಲ ಅಂತಲ್ಲ. ಇದನ್ನು ಅಪ್ಪನಿಗೆ ಹೇಳಿದೆ, ಪಾರಮ್ಮನಿಗೆ ಹೇಳಿದೆ, ಅಣ್ಣನಿಗೆ ಎರಡು ಸಲ ಹೇಳಿದೆ. ಕೊನೆಗೆ ಹಿತ್ತಲಲ್ಲಿ ಕಟ್ಟಿದ ಹೋತಕ್ಕೂ ಹೇಳಿದೆ. ಪೂರ್ತಿ ಕೇಳಿಸಿಕೊಂಡದ್ದು ಅದೊಂದೇ.

ಅದಕ್ಕೂ ತಲೆಯ ಮೇಲೆ ಕತ್ತಿ ಬಂದಿದೆ. ಬಕ್ರೀದಿಗೆಂದು ಅವ್ವ ಮಂಡಾಳದ ನುಚ್ಚು ತಿನ್ನಿಸಿ ಬೆಳೆಸಿದ ಹೋತ. ಈಗ ಗುಡ್ಡದ ದರ್ಗಾದಲ್ಲಿ ಅದನ್ನು ಕೊಯ್ದು ಊಟ ಹಾಕುವ ಕಂದೂರಿ ಎಂದು ಮಾಮಾ ನಿಶ್ಚಯ ಮಾಡಿದ್ದಾನೆ. ಇನ್ನೊಮ್ಮೆ ಸೂಜಿ ಇಲ್ಲದೆ ಪಾರಾದರೆ ಹೋತ ಕೊಡುತ್ತೇನೆ ಎಂದು ಅವ್ವ ಮಾರ್ಚಿನಲ್ಲೇ ಹರಕೆ ಹೊತ್ತಿದ್ದಳಂತೆ.

"ಡಾಕ್ಟರ್ ಬರೂಮಟ ತಡೀರಿ" ಎಂದೆ.

"ದರ್ಗಾದ ಪೀರಾನ ಕೆಲಸಕ್ಕ ಡಾಕ್ಟರ್ ಸಹಿ ಬೇಕೇನ?" ಎಂದ ಅಪ್ಪ. ಅಪ್ಪ ನನ್ನನ್ನು ಬೈಯುವುದು ಅಪರೂಪ. ಇದು ಬೈಗುಳವೂ ಅಲ್ಲ. ಅವನ ಮುಖದಲ್ಲಿ ಎಷ್ಟು ಖುಷಿ ಇತ್ತೆಂದರೆ, ಎದುರು ನಿಂತು ಜಗಳವಾಡಲು ನಾಚಿಕೆಯಾಯಿತು. ಆದರೂ ಆಡಿದೆ.

ಮೇ 8, ಗುರುವಾರ

ಕಂದೂರಿ ಆಯಿತು. ಓಣಿಗೆ ಓಣಿಯೇ ಬಂದಿತ್ತು. ಪಾರಮ್ಮನ ಮನೆಯವರು ಮಾಂಸ ತಿನ್ನುವುದಿಲ್ಲ, ಅವರಿಗೆ ಬೇರೆ ಸಿಹಿ ಮಾದ್ಲಿ ಮಾಡಿದ್ದರು. ಮಾಮಾ ಎಲ್ಲರ ಎಲೆಗೂ ಬಂದು ರಿಪೋರ್ಟಿನ ಕಥೆ ಹೇಳಿದ. ಒಂದೊಂದು ಎಲೆಗೂ ದಾಳಿಂಬೆಗಳ ಸಂಖ್ಯೆ ಏರುತ್ತ ಹೋಯಿತು.

ದರ್ಗಾದ ಮೆಟ್ಟಿಲನ್ನು ಅವ್ವ ತಾನೇ ಹತ್ತುತ್ತೇನೆ ಎಂದಳು. ಹಿಂದೆ ನಾನಿದ್ದೆ. ಅರ್ಧಕ್ಕೆ ನಿಂತು ಬಂಡೆಗೆ ಒರಗಿದಳು. "ಎಷ್ಟ ಚಂದ ಕಾಣತಾವ ನೋಡ, ಆನೆಗೊಂದಿ ಕಡೆ ಬಾಳಿ ತ್ವಾಟ" ಎಂದಳು. ಅಲ್ಲಿಂದ ಯಾವ ತೋಟವೂ ಕಾಣುವುದಿಲ್ಲ. ಬಿಸಿಲಿಗೆ ಬಿಳಿಚಿದ ಕಲ್ಲುಗುಡ್ಡ, ಅಷ್ಟೇ. ಅವಳ ಹೆಗಲು ಮೇಲೆ ಕೆಳಗೆ ಆಡುತ್ತಿತ್ತು. ಉಸಿರು ತಿರುಗುವವರೆಗೆ ನಾವಿಬ್ಬರೂ ಇಲ್ಲದ ತೋಟ ನೋಡಿದೆವು.

"ಬೇ, ನಿಂಗ ದಮ್ಮು ಹತ್ತೇತಿ" ಎಂದೆ.

"ಬಿಸಿಲು" ಎಂದಳು.

"ಬಿಸಿಲಲ್ಲ."

"ಇವತ್ತೊಂದ ದಿನ ಬಿಸಿಲು ಅನ್ನ, ನನ್ನವ್ವ."

ಅನ್ನಲಿಲ್ಲ. ಬಿಸಿಲಲ್ಲದ್ದನ್ನು ಬಿಸಿಲು ಎಂದು ಹೇಗೆ ಹೇಳಲಿ? ಅವಳು ಉಳಿದ ಮೆಟ್ಟಿಲು ಹತ್ತಿದಳು.

ನಾನು ಮಾಂಸ ತಿನ್ನಲಿಲ್ಲ. ಬರೀ ಅನ್ನ ತಿಂದೆ. ಹಸಿದಿದ್ದೆ, ಅದೂ ಖರೆ.

ಮೇ 10, ಶನಿವಾರ

ಡಾಕ್ಟರಮ್ಮ ತಾವೇ ಫೋನ್ ಮಾಡಿದರು. ಅಣ್ಣ ನಗುತ್ತ ಎತ್ತಿದ. ಎರಡು ನಿಮಿಷಕ್ಕೆ ನಗು ಆರಿತು. "ಹೌದ್ರಿ... ಇಲ್ರಿ ಮೇಡಂ... ನಮಗ ಹಂಗ ಅನಿಸ್ತು... ಹೌದ್ರಿ." ಫೋನ್ ಇಟ್ಟು ಬಾವಿಕಟ್ಟೆಯ ಮೇಲೆ ಕೂತ. ಬಿಕಾಂ ಓದಿದವನ ಮುಖ ನೋಡುವ ಹಾಗಿರಲಿಲ್ಲ.

"ಗಡ್ಡಿ ಇದ್ದಲ್ಲೇ ಐತಂತ" ಎಂದ. "ರಕ್ತದಾಗ ಚೂರು ಸಿಕ್ಕಿಲ್ಲ, ಅಷ್ಟಂತ. ಸೂಜಿ ಹಾಕಬೇಕಂತ, ಭಾಳ ತಡ ಮಾಡಬ್ಯಾಡ್ರಿ ಅಂದ್ರು."

"ನಾ ಹೇಳಿದ್ದಿಲ್ಲೇನು?" ಎಂದೆ.

ಎಂದ ಮೇಲೆ ಯಾವ ಸಮಾಧಾನವೂ ಆಗಲಿಲ್ಲ. ಇಷ್ಟು ದಿನ ಈ ಮಾತಿಗೇ ಕಾದಿದ್ದೆ, ಬಾಯಿಗೆ ಬಂದಾಗ ಸಪ್ಪಗಿತ್ತು.

ಮೇ 12, ಸೋಮವಾರ

ಅವ್ವ ಬರುವುದಿಲ್ಲವಂತೆ.

ಅಣ್ಣ ಹೇಳಿದ, ಅಪ್ಪ ಹೇಳಿದ. ನಾನು ಎಲ್ಲರಿಗಿಂತ ಜೋರಾಗಿ ಹೇಳಿದೆ. ಗಡ್ಡೆ ಇದೆ, ಬೆಳೆಯುತ್ತಿದೆ, ಗುಳಿಗೆಯೋ ಕಿಮೋವೋ ಎಂದು ತಿಳಿಯದೆ ಏನೂ ಮಾಡುವಂತಿಲ್ಲ ಎಂದು ಒಂದೊಂದೇ ಬಿಡಿಸಿ ಹೇಳಿದೆ. ಅವ್ವ ಹೊರಸಿನ ಮೇಲೆ ಬೆನ್ನು ತಿರುಗಿಸಿ ಮಲಗಿದಳು.

"ಪೀರಾಂಗ ಹೋತ ಕೊಟ್ಟ ಬಂದೀನಿ. ಸೂಜಿ ಬ್ಯಾಡಪಾ ಅಂತ ಬೇಡಿದೆ, ಆತ ಬ್ಯಾಡ ಅಂದ. ನಿಮ್ಮ ಡಾಕ್ಟರ್ ಒಮ್ಮೆ ಇಲ್ಲ ಅಂತಾರ, ಒಮ್ಮೆ ಐತಿ ಅಂತಾರ. ಓಣಿ ಮಂದಿಗೆಲ್ಲ ಉಣಿಸಿ, ಈಗ ಹೋಗಿ ಸೂಜಿ ಚುಚ್ಚಿಸಿಕೊಂಡ್ರ, ಪೀರಾಂಗ ನೀ ಸುಳ್ಳಾದಿ ಅಂದಂಗ ಆಗಂಗಿಲ್ಲೇನು?"

ಕಂದೂರಿ ಮಾಡಿಸಿದ ಮಾಮಾನಿಗೆ ಫೋನ್ ಮಾಡಿದರೆ ಎತ್ತುತ್ತಿಲ್ಲ. ದಾಳಿಂಬೆ ಮಾತ್ರ ಬಸ್ಸಿನಲ್ಲಿ ಕಳಿಸಿದ್ದಾನೆ.

ಮೇ 14, ಬುಧವಾರ

ಅಣ್ಣ ಹೊಸ ಉಪಾಯ ತಂದಿದ್ದಾನೆ. ಅವ್ವನಿಗೆ ಬರೀ ಎಕ್ಸರೇ ಎಂದು ಹೇಳಿ ಕರೆದೊಯ್ಯುವುದು. ಅಲ್ಲಿ ಹೋದ ಮೇಲೆ ಹೇಗೋ ಆಗುತ್ತದೆ.

"ನೀನ ಹೇಳಬೇಕು" ಎಂದ. "ನಾವು ಹೇಳಿದ್ರ ನಂಬಂಗಿಲ್ಲ. ನೀ ಎಂದೂ ಸುಳ್ಳು ಹೇಳಾಕಿ ಅಲ್ಲ, ನೀ ಅಂದ್ರ ಬರತಾಳ."

ಇಷ್ಟು ದಿನ ಇದಕ್ಕೇ ಬೈದ ಮನುಷ್ಯ, ಈಗ ಅದನ್ನೇ ಸಾಲ ಕೇಳುತ್ತಿದ್ದಾನೆ.

"ಒಂದ ಸಲ ಹೇಳಿದ್ರ ಮುಗೀತು. ಆಮ್ಯಾಲ ನಾ ಏನ ಹೇಳಿದ್ರೂ ಅಕಿ ನಂಬಂಗಿಲ್ಲ. ಮುಂದ ಗುಳಿಗಿ ನುಂಗಬೇಕಾದ್ರ ಯಾರ ಮಾತು ಕೇಳತಾಳ?"

"ಮುಂದಿಂದು ಮುಂದ. ಈಗ ಅಕಿ ಉಳಿಬೇಕೋ ಬ್ಯಾಡೋ?"

"ಹೇಳಂಗಿಲ್ಲ."

"ನಿಂಗ ಅವ್ವನಕಿಂತ ನಿನ್ನ ಖರೇತನ ದೊಡ್ಡದು" ಎಂದು ಎದ್ದು ಹೋದ.

ಹೌದೇ? ಗೊತ್ತಿಲ್ಲ. ಮೊಬೈಲ್ ಅಂಗಡಿಯವರು ಎರಡು ಸಲ ಫೋನ್ ಮಾಡಿದ್ದರು. ಜರಡಿ ಹಿಡಿದಿದ್ದೆ, ಎತ್ತಲಾಗಲಿಲ್ಲ. ತಿರುಗಿ ಮಾಡಲು ಮರೆತೆ.

ಮೇ 16, ಶುಕ್ರವಾರ

ಅವ್ವನ ಕೆಮ್ಮು. ಅಪ್ಪನ ತಸ್ಬೀಹಿನ ಮಣಿಗಳ ಸದ್ದು. ಬೇರೇನಿಲ್ಲ.

ಮೇ 19, ಸೋಮವಾರ

ಬೆಳಗ್ಗೆ ಅಕ್ಕಿ ಗಿರಣಿಯಿಂದ ಭಟ್ಟಿಗೆ ಹೊಸ ಮಾಲು ಬಂತು. ಗಿರಣಿಯ ಮನುಷ್ಯ ಅಂದಪ್ಪ ಚೀಲ ಇಳಿಸಿದ. ಒಂದು ಚೀಲದ ಹೊಲಿಗೆ ಬಿಚ್ಚಿ ನೆಲದ ಮೇಲೆ ಹಿಡಿಯಷ್ಟು ಅಕ್ಕಿ ಚೆಲ್ಲಿತ್ತು. ಅವನು ಅದನ್ನೇ ಬೊಗಸೆಯಲ್ಲಿ ಎತ್ತಿ, ಬೇವಿನ ಮರದ ಕೆಳಗಿದ್ದ ಅವ್ವನ ಹತ್ತಿರ ಒಯ್ದ.

"ನೋಡ್ರಿ ಹಸನವ್ವ, ಮುತ್ತು ಇದ್ದಂಗ ಅದಾವ. ಒಂದ ಕಪ್ಪು ಕಾಳಿಲ್ಲ."

ಅವ್ವ ಎದ್ದು ಕೂತಳು. ಎಷ್ಟೋ ದಿನದ ಮೇಲೆ ಆ ದನಿ ಕೇಳಿದೆ. "ಎಲಾ ಅಂದಪ್ಪ, ಉದುರಿದ ಕಾಳು ನೋಡಿ ಚೀಲ ತಗೊಳ್ಳಾಕಿ ಅಂದ್ಕೊಂಡೀ ನನ್ನ? ಚುಚ್ಚ ಅದಕ್ಕ."

ಚೀಲಕ್ಕೆ ಚುಚ್ಚಿ ಒಳಗಿನ ಕಾಳು ತೆಗೆಯುವ ಚೂಪು ಕೊಳವೆ ಒಂದು ಇರುತ್ತದೆ. ಅಂದಪ್ಪ ಗೊಣಗುತ್ತ ಮೇಲ್ಗಡೆ ಚುಚ್ಚಿದ. ನಾಲ್ಕು ಕಾಳು ಬಂದವು, ಚೆನ್ನಾಗಿದ್ದವು.

"ಆತಲ್ರಿ?"

"ನಾಲ್ಕ ಕಾಳಿನಾಗ ಏನ ತಿಳಿತೈತಿ? ಚೀಲದ ಹೊಟ್ಟಿಗೆ ಚುಚ್ಚ. ಇನ್ನೊಂದು ಮಗ್ಗಲದಿಂದ ಚುಚ್ಚ."

ಇನ್ನೊಂದು ಮಗ್ಗುಲಿಂದ ಬಂದ ಅಕ್ಕಿ ಹಳದಿ ತಿರುಗಿತ್ತು. ಮುಗ್ಗಿದ ವಾಸನೆ ನನ್ನವರೆಗೂ ಬಂತು. ಪಾರಮ್ಮ ಮೂಗು ಮುಚ್ಚಿಕೊಂಡು ನಕ್ಕಳು. ಅಂದಪ್ಪ ಚೀಲ ವಾಪಸು ಹೇರಿದ.

ನನ್ನ ಬಾಯಿ ತೆರೆದಿತ್ತು. ಹೇಳಬೇಕಾದ್ದು ನಾಲಿಗೆಯ ತುದಿಯಲ್ಲಿತ್ತು. ಅವ್ವ ಕೈಯಲ್ಲಿದ್ದ ನಾಲ್ಕು ಒಳ್ಳೆಯ ಕಾಳುಗಳನ್ನು ನೋಡುತ್ತ ಕೂತಿದ್ದಳು. ಬೆರಳಿನಿಂದ ಸರಿಸುತ್ತಿದ್ದಳು, ಮತ್ತೆ ಕೂಡಿಸುತ್ತಿದ್ದಳು. ಅಷ್ಟರಲ್ಲಿ ಪಾರಮ್ಮ ಜರಡಿಗೆ ಕರೆದಳು, ನಾನು ಹೋದೆ. ಹಾಗಾಗಿ ಹೇಳಲಿಲ್ಲ.

ಮಧ್ಯಾಹ್ನ ನೀರು ಕೊಡಲು ಹೋದಾಗ ಅವ್ವನೇ ಕೇಳಿದಳು.

"ರಕ್ತ ಅಂದ್ರ ಉದುರಿದ್ದು. ಹೌದಲ್ಲ?"

"ಹೂಂ ಬೇ."

"ಆ ಸೂಜಿ ಅಂದ್ರ ಚೀಲದ ಹೊಟ್ಟಿಗೆ ಚುಚ್ಚಿ ನೋಡೋದು."

"ಹೂಂ."

"ಮೊದಲ ಸಲ ನಾಲ್ಕ ಕಾಳ ಬಂದಿದ್ವು."

"ಹೂಂ."

ನೀರು ಕುಡಿದಳು. "ಪೀರಾ ಏನೂ ಬ್ಯಾಡ ಅಂದಿಲ್ಲ" ಎಂದಳು. "ಆತ ಏನೂ ಅಂದಿಲ್ಲ. ಅಂದಾಕಿ ನಾನ." ಆಮೇಲೆ, "ಡಾಕ್ಟರವ್ವ ಯಾವಾಗ ಬಾ ಅಂದಾಳ?"

"ನೋವ ಆಗತೈತಿ ಬೇ" ಎಂದೆ. ಯಾಕೆ ಎಂದೆನೋ, ಖರೇ ಹೇಳಬೇಕಲ್ಲ. "ಮತ್ತ ಗಾಳಿ ಸೋರಿದರೂ ಸೋರಬಹುದು."

"ಗೊತ್ತು. ನೀ ಬಾಜೂಕ ಇರ, ಸಾಕು."

ಮೇ 22, ಗುರುವಾರ, ಹುಬ್ಬಳ್ಳಿ

ಆಯಿತು. ಈ ಸಲ ಬೇರೆ ಮಗ್ಗುಲಿಂದ ಹಾಕಿದರು. ಗಾಳಿ ಸೋರಲಿಲ್ಲ. ಚೂರು ಬೇಕಾದಷ್ಟು ಸಿಕ್ಕಿದೆ ಎಂದರು. ಕೋಣೆಯ ಬಾಗಿಲವರೆಗೆ ಬಿಟ್ಟರು, ಮುಂದೆ ಬಿಡಲಿಲ್ಲ. ಬಾಗಿಲು ಮುಚ್ಚುವವರೆಗೆ ಅವ್ವ ನನ್ನ ಮುಖ ನೋಡುತ್ತಲೇ ಇದ್ದಳು. ನನಗೆ ಒಂದೇ ಕಡೆ ಕೂರಲಾಗದು ಎಂದು ಎಲ್ಲರಿಗೂ ಗೊತ್ತು. ಆದರೂ ಬೆಂಚಿನ ಮೇಲೇ ಕೂತಿದ್ದೆ. ಅಣ್ಣ ಮೂರು ಸಲ ಚಹಾಕ್ಕೆ ಕರೆದ, ಹೋಗಲಿಲ್ಲ. ಹೋದರೆ ಅಷ್ಟರಲ್ಲಿ ಬಾಗಿಲು ತೆರೆದರೆ?

ಜೂನ್ 7, ಶನಿವಾರ

ಬಕ್ರೀದ್. ಹಿತ್ತಲಲ್ಲಿ ಬರೀ ಗೂಟ. ನೆಂಟರ ಮನೆಗಳಿಂದ ಪಾಲು ಬಂತು, ಪಾಲು ಕಳಿಸಲು ನಮ್ಮಲ್ಲಿ ಏನೂ ಇರಲಿಲ್ಲ. ಮಾಮಾ ಬಂದು ಕೂತ. ಕಂದೂರಿಯ ಮಾತು ಯಾರೂ ತೆಗೆಯಲಿಲ್ಲ. ತೆಗೆಯೋಣ ಎಂದು ನನಗಿತ್ತು. ಅವನು ಅವ್ವನ ಕಾಲು ಒತ್ತುತ್ತ ತಲೆ ಎತ್ತದೆ ಕೂತಿದ್ದ. ಹಾಗೆ ಕೂತ ಮನುಷ್ಯನಿಗೆ ಏನೆಂದು ಹೇಳುವುದು? ಕಿರಿಕಿರಿಯಾಗಿ ಎದ್ದು ಹೋಗಿ ಪಾತ್ರೆ ತೊಳೆದೆ.

ಜೂನ್ 10, ಮಂಗಳವಾರ

ಹುಬ್ಬಳ್ಳಿಗೆ ಎಲ್ಲರೂ ಹೋಗಿದ್ದೆವು. ಡಾಕ್ಟರಮ್ಮ ಕಾಗದ ನೋಡಿ, "ಸಿಕ್ಕೈತಿ" ಎಂದರು.

ನಾನು ಕುರ್ಚಿಯಿಂದ ಎದ್ದು ಕುಣಿದೆ. ನಿಜವಾಗಿ ಕುಣಿದೆ. ಅಪ್ಪ "ಯಾ ಅಲ್ಲಾ" ಎಂದು ಮುಖ ಮುಚ್ಚಿಕೊಂಡು ಅಳತೊಡಗಿದ. ಇಲ್ಲ ಅಂದಾಗ ಸಜ್ದಾ ಮಾಡಿದವನಿಗೆ ಇದೆ ಅಂದರೆ ಇನ್ನೇನು ತೋಚೀತು? ಹೊರಗಿನಿಂದ ನರ್ಸ್ ಬಂದು ನೋಡಿದಳು. ಒಬ್ಬ ಅಳುತ್ತಿದ್ದಾನೆ, ಒಬ್ಬಳು ನಗುತ್ತಿದ್ದಾಳೆ, ನಡುವೆ ರೋಗಿ ಇಬ್ಬರನ್ನೂ ನೋಡುತ್ತ ಕೂತಿದ್ದಾಳೆ.

"ಸಿಕ್ಕೈತಿ ಅಂದ್ರ ಛಲೋದೋ ಕೆಟ್ಟದ್ದೋ, ಯಾರರ ಒಬ್ಬರು ಹೇಳ್ರಿ" ಎಂದಳು ಅವ್ವ.

"ಛಲೋದು ಬೇ! ಆ ಗುರುತು ಸಿಕ್ಕೈತಿ. ಗುಳಿಗಿ!"

"ಹಂಗಾರ ನಿಮ್ಮಪ್ಪಗ ಹೇಳ. ಡಾಕ್ಟರವ್ವನ ಟೇಬಲ್ ತೊಯ್ಯಾಕತ್ತೈತಿ."

ಅವ್ವನನ್ನು ತೂಕಕ್ಕೆ ಕರೆದೊಯ್ದಾಗ ನಾನು ಹಿಂದೆ ಉಳಿದು ಕೇಳಿದೆ. ನಾನು ಕೇಳಿದೆ, ಅವರು ಹೇಳಿದರು. ಗುಳಿಗೆ ಗಡ್ಡೆಯನ್ನು ಕುಗ್ಗಿಸುತ್ತದೆ, ಅಳಿಸುವುದಿಲ್ಲ. ಎಷ್ಟೋ ಮಂದಿಗೆ ಒಂದೂವರೆ ವರ್ಷ, ಕೆಲವರಿಗೆ ಅದಕ್ಕಿಂತ ಕಡಿಮೆ, ಕೆಲವರಿಗೆ ಭಾಳ ಹೆಚ್ಚು. ಆಮೇಲೆ ಗಡ್ಡೆ ಗುಳಿಗೆಯನ್ನು ದಾಟುವ ದಾರಿ ಕಲಿಯುತ್ತದೆ. ಆಗ ಮತ್ತೆ ರಕ್ತ ತೆಗೆದು, ಯಾವ ದಾರಿ ಎಂದು ಹುಡುಕುತ್ತಾರೆ. ರಕ್ತ ಹೇಳದಿದ್ದರೆ ಮತ್ತೆ ಸೂಜಿ.

ಗದಗ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ತಡವಾಯಿತು. ಅಪ್ಪ, ಅಣ್ಣ ನೀರು ತರಲು ಹೋದರು. ಅವ್ವನಿಗೆ ಬಾಳೆಹಣ್ಣು ಸುಲಿದು ಕೊಟ್ಟೆ. ಅವಳು ಹಣ್ಣು ಹಿಡಿದುಕೊಂಡೇ ನನ್ನ ಮುಖ ನೋಡಿದಳು.

"ಇನ್ನೊಂದು ಮಾತು ಐತಿ ನಿನ್ನ ಹೊಟ್ಟ್ಯಾಗ."

"ಐತಿ" ಎಂದೆ. "ಹೇಳಲೇನು?"

ಅವ್ವ ಒಂದು ತುತ್ತು ಕಚ್ಚಿದಳು. ಎದುರಿನ ಬಸ್ಸಿನ ಬೋರ್ಡನ್ನು ನೋಡಿದಳು. ಅವಳಿಗೂ ಓದಲಿಕ್ಕೆ ಬರುವುದಿಲ್ಲ.

"ನಾ ಕೇಳಿದಾಗ ಹೇಳ" ಎಂದಳು.

"ಹೂಂ ಬೇ."

ಬಸ್ಸು ಬಂತು. ಕೊಪ್ಪಳದವರೆಗೆ ಯಾರೂ ನನ್ನನ್ನು ಬೈಯಲಿಲ್ಲ. ಅಣ್ಣ ನನ್ನ ಹೆಗಲ ಮೇಲೆ ತಲೆಯಿಟ್ಟು ಬಾಯಿ ತೆರೆದು ನಿದ್ದೆ ಮಾಡಿದ. ಭಾರ, ಬೆವರು, ಕೈಯೆಲ್ಲ ಜೋಮು. ಕೋಣದಂಥ ಮನುಷ್ಯ. ಎಬ್ಬಿಸಲಿಲ್ಲ.

ಜೂನ್ 29, ಭಾನುವಾರ

ಕೆಮ್ಮು ಅರ್ಧಕ್ಕಿಳಿದಿದೆ. ಅವ್ವನ ಮುಖದ ತುಂಬ ಮೊಡವೆ, ಗುಳಿಗೆಯಿಂದ ಹಾಗೆಯೇ ಆಗುತ್ತದಂತೆ. "ಮದಿವಿ ವಯಸ್ಸು ಬಂತು ಹಸನವ್ವಗ" ಎಂದು ಪಾರಮ್ಮ ಚೇಷ್ಟೆ ಮಾಡುತ್ತಾಳೆ. ದರ್ಗಾದಲ್ಲಿ ಈ ಸಲ ಸಕ್ಕರೆಯ ಮೇಲೆ ಫಾತಿಹಾ ಓದಿಸಿಕೊಂಡು ಬಂದೆವು, ಬರೀ ಸಕ್ಕರೆ. ಮೆಟ್ಟಿಲ ಅರ್ಧಕ್ಕೆ ಅವ್ವ ನಿಲ್ಲಲಿಲ್ಲ. ಮುಕ್ಕಾಲಿಗೆ ನಿಂತಳು. "ಬಿಸಿಲು ಭಾಳ ಐತಿ" ಎಂದಳು. ಮೋಡ ಕವಿದಿತ್ತು. ನಾನು ಛತ್ರಿ ಬಿಚ್ಚಿ ಹಿಡಿದೆ.

ಸಂಜೆ ಮಾಮಾ ಹಾಜರಾದ, ಹೊಸ ಬಾಕ್ಸಿನ ಜೊತೆ. ಅವ್ವನ ಕೆಮ್ಮು ಕಡಿಮೆಯಾದದ್ದನ್ನು ಕೇಳಿ ತೊಡೆ ತಟ್ಟಿದ. "ನಾ ಹೇಳಿಲ್ಲೇನು? ಸಾವಕಾಶ ಕೆಲಸ ಮಾಡತೈತಿ ದಾಳಿಂಬರಿ!"

ಇವರು ಯಾರೂ ಸುಧಾರಿಸುವುದಿಲ್ಲ. ನಾನು ಬಾಯಿ ತೆರೆದೆ. ಮಾಮಾನ ಕಣ್ಣು ಅವ್ವನ ಮುಖದ ಮೇಲೇ ನೆಟ್ಟಿತ್ತು, ಒಂದೊಂದು ಉಸಿರನ್ನೂ ಕಾಯುತ್ತಿತ್ತು. ಒಂದು ಹಣ್ಣು ಒಡೆದು ತಿಂದೆ. ಹುಳಿ ಇತ್ತು. ಹೇಗಿದೆ ಎಂದು ಕೇಳಿದ್ದರೆ ಹೇಳುತ್ತಿದ್ದೆ. ಅವನು ಕೇಳಲಿಲ್ಲ.

ಆ ಇನ್ನೊಂದು ಮಾತನ್ನು ಅವ್ವನೂ ಇನ್ನೂ ಕೇಳಿಲ್ಲ.